ಕರೇ ಚಹಾ

ಕಲಬುರಗಿಯವರ ಕಿವಿಗೆ ‘ಕಪ್ಪು ಚಹಾ’ ಎಂಬುದು ಬಣ್ಣದ ಮಾತಲ್ಲ, ಪಾತ್ರೆಯ ಮಾತು. ಇಲ್ಲಿ ಕಪ್ಪು ಎಂದರೆ ಬಶಿಯ ಮೇಲೆ ಕೂರುವಂಥದು. ಬಣ್ಣಕ್ಕೆ ನಮ್ಮ ಶಬ್ದ ‘ಕರೇ’. ಇದನ್ನು ಮರೆತು ಸೂಪರ್ ಮಾರ್ಕೆಟ್ ಕಡೆಯ ಹೋಟೆಲೊಂದರಲ್ಲಿ ಪುಸ್ತಕದ ಕನ್ನಡದಲ್ಲಿ ಕಪ್ಪು ಚಹಾ ಕೇಳಿದಾಗ, ಕೆನೆ ತೇಲುವ ಹಾಲಿನ ಚಹಾ ಕಪ್ಪಿನ ತುಂಬ ಬಂತು. ಮರುದಿನ ಮಾತು ತಿದ್ದಿಕೊಂಡು, “ಕಾಕಾ, ಹಾಲು ಹಾಕದೇ ಕರೇ ಚಹಾ ಕೊಡ್ರಿ” ಎಂದೆ. ಅವರು ಒಲೆಯಿಂದ ಮುಖವೆತ್ತಿ, “ಯಾಕ್ರಿ, ಆರಾಮ ಇಲ್ಲೇನು?” ಎಂದು ಕೇಳಿದರು.

ಪ್ರಶ್ನೆ ಅನ್ಯಾಯದ್ದೇನಲ್ಲ. ನಮ್ಮ ಮನೆಯಲ್ಲಿ ಹಾಲಿಲ್ಲದ ಚಹಾ ಒಲೆಯೇರುತ್ತಿದ್ದುದು ಹೊಟ್ಟೆ ಕೆಟ್ಟಾಗ, ಇಲ್ಲವೇ ಹಾಲು ಒಡೆದಾಗ. ಮರಾಠಿಯವರು ಅದನ್ನು ‘ಕೋರಾ ಚಹಾ’ ಎನ್ನುತ್ತಾರೆ, ಇನ್ನೂ ನೀರು ಕಾಣದ ಹೊಸ ಬಟ್ಟೆಗೆ ಹೇಳುವ ಹಾಗೆ. ಬಂಗಾಳದಲ್ಲಿ ಅದು ‘ಲಾಲ್ ಚಾ’. ಚೀನಿಯರಿಗೂ ಕೆಂಪು ಚಹಾವೇ. ಅವರು ಲೋಟದೊಳಗಿನ ಬಣ್ಣ ನೋಡಿ ಹೆಸರಿಟ್ಟರು, ಇಂಗ್ಲಿಷರು ಒಣಗಿದ ಎಲೆ ನೋಡಿ. ಲೋಟವನ್ನು ಬಿಸಿಲಿಗೆ ಹಿಡಿದು ನೋಡಿದವರು ಚೀನಿಯರ ಪಕ್ಷವನ್ನೇ ವಹಿಸುತ್ತಾರೆ.

ತಮಾಷೆಯೆಂದರೆ ಕಾಕಾ ದಿನವಿಡೀ ಹಾಲಿನಲ್ಲಿ ಕುದಿಸುವುದೂ ಕರೇ ಚಹಾವನ್ನೇ. ಕಿತ್ತ ಎಲೆಯನ್ನು ಬಾಡಿಸಿ, ಹೊಸೆದು, ಅದರ ರಸ ಗಾಳಿಗೆ ತಾಗಿ ಕಂದಾಗುವವರೆಗೆ ಬಿಟ್ಟು, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿದರೆ ಅದು ಕರೇ ಚಹಾ. ಕಂದಾಗಲು ಬಿಡದೆ ಮೊದಲೇ ಬಿಸಿ ತಾಗಿಸಿದರೆ ಹಸಿರು ಚಹಾ. ಗಿಡ ಒಂದೇ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಹಿಸುಕಿ, ಹರಿದು, ಸುರುಳಿಗಟ್ಟಿಸುವ ಯಂತ್ರ ಬಂದ ಮೇಲೆ ಹುಟ್ಟಿದ ಸಿಟಿಸಿ ಕಾಳು ಚಹಾವೇ ಇಂದು ನಮ್ಮ ಡಬ್ಬಿಗಳಲ್ಲಿರುವುದು. ಹಾಲು ಸಕ್ಕರೆಗಳ ನಡುವೆಯೂ ಸೋಲದ ಖಡಕ್ ರುಚಿ ಅದರದು. ಹಾಲು ಬಿಟ್ಟು ಕುಡಿಯುವವರು ಇಡೀ ಎಲೆಯದನ್ನು ತರಿಸುವುದು ಲೇಸು: ಅಸ್ಸಾಮಿನದು ಗಡಸು, ನೀಲಗಿರಿಯದು ಹಗುರ, ಡಾರ್ಜಿಲಿಂಗಿನದಕ್ಕೆ ಹೂವಿನ ವಾಸನೆ. ಅದಕ್ಕೆ ಹಾಲು ಸುರಿಯುವುದು ನನ್ನ ಲೆಕ್ಕದಲ್ಲಿ ಅಪರಾಧ.

ಆರೋಗ್ಯದ ಗುಣಗಾನವನ್ನು ನಾನು ಚಿಕ್ಕದಾಗಿಯೇ ಮಾಡುತ್ತೇನೆ. ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲು ಎಂಬ ಅಂಶಗಳು ರಕ್ತನಾಳಗಳಿಗೆ ಹಿತವೆನ್ನುತ್ತಾರೆ. ಕೆಫೀನು ಕಾಫಿಯಲ್ಲಿರುವುದರ ಸುಮಾರು ಅರ್ಧದಷ್ಟು. ಆದರೆ ಮೂರು ಚಮಚ ಸಕ್ಕರೆ ಹಾಕಿಕೊಂಡು ಈ ಮಾತು ಆಡಬಾರದು. ಇನ್ನೊಂದು ಎಚ್ಚರಿಕೆ ನಮಗೇ ಹೇಳಿದಂತಿದೆ: ಚಹಾದ ಒಗರು ಬೇಳೆ, ಸೊಪ್ಪುಗಳಲ್ಲಿನ ಕಬ್ಬಿಣದಂಶವನ್ನು ದೇಹಕ್ಕೆ ಪೂರ್ತಿ ಸೇರಗೊಡುವುದಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ ಉಂಡು ಕೈ ತೊಳೆದ ಕೂಡಲೇ ಲೋಟ ಹಿಡಿಯುವ ಜನ ನಾವು. ಒಂದು ತಾಸು ತಡೆಯುವುದು ಒಳ್ಳೆಯದು.

ಹಾಲು ಬಿಟ್ಟ ಮೇಲೆ ನನಗೆ ನಿಜವಾಗಿ ಪರಿಚಯವಾದದ್ದು ಊರಿನ ನೀರು. ಮನೆಯ ಬೋರಿನ ನೀರಲ್ಲಿ ಮಾಡಿದ ಕರೇ ಚಹಾವನ್ನು ಆರಲು ಬಿಟ್ಟರೆ, ಎಣ್ಣೆ ತೇಲಿದಂತೆ ಒಂದು ತೆಳು ಪೊರೆ ಮೇಲೆ ಕಟ್ಟುತ್ತದೆ. ಕುಡಿದ ಮೇಲೆ ಅದೇ ಲೋಟದ ಒಳಗೋಡೆಗೆ ಬಳೆಯಂತೆ ಅಂಟಿರುತ್ತದೆ. ಪುಡಿಯಲ್ಲಿ ಕಲಬೆರಕೆಯಿದೆಯೆಂದು ನಾನು ಎರಡು ಸಲ ಅಂಗಡಿ ಬದಲಿಸಿದೆ. ತಪ್ಪು ಪುಡಿಯದಾಗಿರಲಿಲ್ಲ. ಶಹಾಬಾದ್ ಕಲ್ಲು ಎಂದು ನಾವು ಮನೆಯ ನೆಲಕ್ಕೆ ಹಾಸುವುದು ಸುಣ್ಣಕಲ್ಲೇ. ಅಂಥ ಕಲ್ಲಿನ ನಡುವೆ ನಿಂತ ನೀರಿನ ಸುಣ್ಣದಂಶ, ಗಾಳಿ ತಾಗಿದ ಚಹಾದ ಒಗರಿನೊಡನೆ ಕೂಡಿ ಈ ಪೊರೆಯಾಗುತ್ತದೆ. ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಪೊರೆ ಕಟ್ಟುವುದಿಲ್ಲ, ಕಂದು ಬಣ್ಣವೂ ತಿಳಿಯಾಗಿ ಜೇನಿನಂತಾಗುತ್ತದೆ.

ಕಾಕಾನ ಹೋಟೆಲಿನಲ್ಲಿ ಮೊನ್ನೆ ಲಿಂಬೆ ತೀರಿತ್ತು. ಮಾತಿನಲ್ಲಿ ಮರೆತು ಕೂತ ನನ್ನ ಲೋಟದ ಮೇಲೆ ಪೊರೆ ಹರಡಿದ್ದನ್ನು ಅವರೇ ಮೊದಲು ಕಂಡರು. “ನೋಡ್ರಿ, ಹಾಲು ಬ್ಯಾಡ ಅಂದ್ರೂ ಕೆನಿ ಬಂದದ!” ಎಂದು, ಬಶಿಯನ್ನು ನನ್ನತ್ತ ಸರಿಸಿದರು.