ಗಾಡಿ ನೋಡಿ ಕುರ್ಚಿ ಹಾಕುವ ಊರು

ನಾನಿರುವುದು ಜಪಾನಿನ ಐಚಿ ಪ್ರಾಂತ್ಯದ ನಗೋಯಾದಲ್ಲಿ. ಟೊಯೊಟಾ ಕಂಪನಿಯ ತವರು ಇಲ್ಲಿಗೆ ಹತ್ತಿರ. ಕೊರೊಮೊ ಎಂದಿದ್ದ ಆ ಊರು 1959ರಲ್ಲಿ ತನ್ನ ಹೆಸರನ್ನೇ ಟೊಯೊಟಾ ಎಂದು ಬದಲಿಸಿಕೊಂಡಿತು. ಹಾಗಾಗಿ ಬಳ್ಳಾರಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ನಿಮ್ಮಲ್ಲಿ ಫಾರ್ಚುನರ್ ಎಷ್ಟಾಗತೈತಿ?" ಜಪಾನಿನಲ್ಲಿ ಫಾರ್ಚುನರ್ ಮಾರುವುದೇ ಇಲ್ಲ ಎಂದರೆ ನಂಬುವವರು ಕಡಿಮೆ. ಇನ್ನೋವಾ ಕೂಡ ಅಲ್ಲಿನ ಷೋರೂಮಿನಲ್ಲಿ ಸಿಗುವುದಿಲ್ಲ. ಇವೆರಡೂ ತಯಾರಾಗುವುದು ನಮ್ಮ ಬಿಡದಿಯಲ್ಲಿ, ಓಡುವುದು ನಮ್ಮ ರಸ್ತೆಗಳಲ್ಲಿ. 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚುನರ್ ಭಾರತಕ್ಕೆ ಬಂದವು. ಇವತ್ತು ಬಳ್ಳಾರಿಯಲ್ಲಿ ಒಬ್ಬ ಮನುಷ್ಯ "ಮ್ಯಾಲೆ ಬಂದಾನ" ಎನ್ನಬೇಕಾದರೆ ಅವನ ಮನೆ ಮುಂದೆ ಇವೆರಡರಲ್ಲಿ ಒಂದು ನಿಂತಿರಬೇಕು.

ಇದನ್ನು ಬರೀ ಒಣಜಂಬ ಎಂದು ಬೈದು ಮುಗಿಸುವವರ ಜೊತೆ ನಾನಿಲ್ಲ. ನಮ್ಮ ಕಡೆ ದೊಡ್ಡ ಗಾಡಿಗೆ ನಿಜವಾಗಿಯೂ ಒಂದು ಕೆಲಸವಿದೆ. ಆದರೆ ಆ ಕೆಲಸ ಗಾಡಿಯದ್ದಾಗಬಾರದಿತ್ತು.

ಮೊದಲು ಇಲ್ಲಿಯದ್ದು ಹೇಳುತ್ತೇನೆ. ಜಪಾನ್ ಎಂದರೆ ರೈಲು, ಯಾರಿಗೂ ಕಾರು ಬೇಡ ಎಂಬ ಕಲ್ಪನೆ ನಮ್ಮಲ್ಲಿದೆ. ಟೋಕಿಯೊ ಮಟ್ಟಿಗೆ ಅದು ಸರಿ. ಐಚಿಯಲ್ಲಿ ಹಾಗಲ್ಲ, ಇದು ಕಾರಿನ ಸೀಮೆ. ರಸ್ತೆಗಳು ಅಗಲ, ಕಾರಿಲ್ಲದೆ ಮಾರುಕಟ್ಟೆಗೂ ಹೋಗಲಾಗದ ಬಡಾವಣೆಗಳು ಎಷ್ಟೋ ಇವೆ. ಆದರೂ ಆ ಬಡಾವಣೆಗಳಲ್ಲಿ ಕಣ್ಣಿಗೆ ಬೀಳುವುದು ಹಳದಿ ನಂಬರ್ ಪ್ಲೇಟಿನ ಚಿಕ್ಕ ಕಾರುಗಳು. ಅವನ್ನು ಕೇ ಕಾರು ಎನ್ನುತ್ತಾರೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ದಾಟುವಂತಿಲ್ಲ. ಜಪಾನಿನಲ್ಲಿ ಮಾರಾಟವಾಗುವ ಪ್ರತಿ ಮೂರು ಹೊಸ ವಾಹನಗಳಲ್ಲಿ ಒಂದಕ್ಕಿಂತ ಹೆಚ್ಚು ಇದೇ ಜಾತಿಯದ್ದು. ನಾವು ಊರಲ್ಲಿ ನೋಡುವ ವ್ಯಾಗನ್ ಆರ್ ಕೂಡ 1993ರಲ್ಲಿ ಅಲ್ಲಿ ಕೇ ಕಾರಾಗಿಯೇ ಹುಟ್ಟಿದ್ದು. ನಗೋಯಾದ ನಮ್ಮ ಬೀದಿಯ ದಂತವೈದ್ಯರು ಕ್ಲಿನಿಕ್ಕಿಗೆ ಬರುವುದು ಅಂಥದ್ದೇ ಒಂದರಲ್ಲಿ. ಅದರಿಂದ ಅವರ ಕೈಗುಣಕ್ಕೆ ಕುಂದು ಬಂದಿದೆ ಎಂದು ಯಾರೂ ಅಂದುಕೊಂಡಿಲ್ಲ.

ಇದಕ್ಕೆ ಜಪಾನಿನವರ ಸರಳತೆ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳಬಾರದು. ಇಲ್ಲಿ ಕಾರು ಕೊಳ್ಳುವ ಮುಂಚೆ ಅದನ್ನು ನಿಲ್ಲಿಸಲು ರಸ್ತೆಯಲ್ಲದ ಸ್ವಂತ ಅಥವಾ ಬಾಡಿಗೆ ಜಾಗ ಇದೆ ಎಂದು ಪೊಲೀಸ್ ಠಾಣೆಯಲ್ಲಿ ನಕ್ಷೆ ಸಮೇತ ತೋರಿಸಿ ಪ್ರಮಾಣಪತ್ರ ಪಡೆಯಬೇಕು. ಆ ಜಾಗ ಮನೆಯಿಂದ ಎರಡು ಕಿಲೋಮೀಟರ್ ಒಳಗಿರಬೇಕು, ಕಾರು ಅದರಲ್ಲಿ ಹಿಡಿಸಬೇಕು. 1962ರಿಂದ ಇದು ಕಾನೂನು. ಅನೇಕ ಚಿಕ್ಕ ಊರುಗಳಲ್ಲಿ ಕೇ ಕಾರಿಗೆ ಮಾತ್ರ ಇದರಿಂದ ವಿನಾಯಿತಿ. ಅದರ ಮೇಲೆ ಪ್ರತಿ ವರ್ಷ ತೆರಿಗೆ. ಕೇ ಕಾರಿಗೆ ವರ್ಷಕ್ಕೆ 10,800 ಯೆನ್, ಎರಡೂವರೆಯಿಂದ ಮೂರು ಲೀಟರ್ ಎಂಜಿನ್ನಿನ ಕಾರಿಗೆ 50,000 ಯೆನ್. ತೂಕಕ್ಕೆ ಬೇರೆ ತೆರಿಗೆ ಇದೆ, ಹೊಸ ಕಾರಿಗೆ ಮೂರು ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದೆ. ದೊಡ್ಡ ಗಾಡಿ ಇಟ್ಟುಕೊಂಡವನು ಆ ದೊಡ್ಡತನಕ್ಕೆ ವರ್ಷ ವರ್ಷವೂ ಬೆಲೆ ತೆರುತ್ತಾನೆ.

ನಮ್ಮಲ್ಲಿ ತೆರಿಗೆ ಕಡಿಮೆಯೇ? ಖಂಡಿತ ಅಲ್ಲ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಕರ್ನಾಟಕ ಶೇ 18ರಷ್ಟು ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್ ಹಾಕುತ್ತದೆ. ಕೇಂದ್ರದ ಜಿಎಸ್‌ಟಿ ದೊಡ್ಡ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಆದರೆ ಇದೆಲ್ಲ ಕೊಳ್ಳುವ ದಿನ ಒಂದೇ ಸಲ ಕಟ್ಟಿ ಮುಗಿಸುವ ದುಡ್ಡು. ಒಮ್ಮೆ ಕಟ್ಟಿದ ಮೇಲೆ 4.8 ಮೀಟರ್ ಉದ್ದದ ಗಾಡಿಯನ್ನು ಬಳ್ಳಾರಿಯ ಬ್ರೂಸ್‌ಪೇಟೆ ಓಣಿಯಲ್ಲಿ ಅಡ್ಡ ನಿಲ್ಲಿಸಿದರೂ ಕೇಳುವವರಿಲ್ಲ. ನಿಲ್ಲಿಸುವ ಜಾಗ ಪುಕ್ಕಟೆ, ಅದೂ ಪಕ್ಕದ ಮನೆಯವರ ಬಾಗಿಲ ಮುಂದಿನದು. ಹೀಗಿರುವಾಗ ಬೆಲೆ ಹೆಚ್ಚಿದಷ್ಟೂ ಗಾಡಿಯ ಗತ್ತು ಹೆಚ್ಚುತ್ತದೆಯೇ ಹೊರತು ಕೊಳ್ಳುವ ಆಸೆ ಕಡಿಮೆಯಾಗುವುದಿಲ್ಲ.

ಜಪಾನಿನಲ್ಲಿ ಡೌಲು ಇಲ್ಲವೆಂದೂ ಅಲ್ಲ. ಒಂದಲ್ಲ ಒಂದು ದಿನ ಟೊಯೊಟಾದ ಕ್ರೌನ್ ಕಾರು ಕೊಳ್ಳುತ್ತೇನೆ ಎನ್ನುವುದು ಒಂದು ತಲೆಮಾರಿನ ನೌಕರರ ಕನಸಾಗಿತ್ತು. 1983ರಲ್ಲಿ ಕಂಪನಿ ಅದೇ ಕನಸನ್ನು ಜಾಹೀರಾತು ಮಾಡಿಕೊಂಡಿತು. ಈಗ ಆ ಜಾಗದಲ್ಲಿ ಅದೇ ಕಂಪನಿಯ ದೊಡ್ಡ ವ್ಯಾನ್ ಆಲ್ಫಾರ್ಡ್ ಇದೆ. ವ್ಯತ್ಯಾಸ ಕೂರುವ ಜಾಗದಲ್ಲಿ ಕಾಣುತ್ತದೆ. ಇಲ್ಲಿ ಹಿರಿಯರಿಗೆ ಮೀಸಲಾದ ಸೀಟು ಚಾಲಕನ ಹಿಂದಿನದು, ಹೊರಗಿನವರಿಗೆ ಅವರು ಕಾಣುವುದೇ ಕಡಿಮೆ. ನಮ್ಮ ಕಡೆ ಸಾಹುಕಾರರು ಡ್ರೈವರ್ ಪಕ್ಕದಲ್ಲಿ, ಗಾಜು ಇಳಿಸಿ, ಮೊಣಕೈ ಹೊರಗಿಟ್ಟು ಕೂರುತ್ತಾರೆ. ಯಾರು ಬಂದರು ಎಂದು ದಾರಿಯವರಿಗೆ ತಿಳಿಯಬೇಕು.

ಇನ್ನು ನಿಜವಾದ ಅಗತ್ಯದ ಮಾತು. ಸಿರುಗುಪ್ಪ, ಕುರುಗೋಡು ಕಡೆಯ ಎರೆ ಭೂಮಿ ಮಳೆಗೆ ನೆಂದರೆ ಚಿಕ್ಕ ಕಾರಿನ ಹೊಟ್ಟೆ ಮಣ್ಣಿಗೆ ಹತ್ತಿ ಕೂತುಬಿಡುತ್ತದೆ. ಭತ್ತದ ಗದ್ದೆಗೆ ದಿನಾ ಓಡಾಡುವ ರೈತ ಬೊಲೆರೊ ಇಟ್ಟುಕೊಂಡರೆ ಅದು ಶೋಕಿ ಅಲ್ಲ. ಬೆಂಗಳೂರು ಮುನ್ನೂರು ಕಿಲೋಮೀಟರ್ ದೂರ. ದೊಡ್ಡ ಆಸ್ಪತ್ರೆ, ಮಕ್ಕಳ ಕಾಲೇಜು, ವಿದೇಶದ ವಿಮಾನ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಜಾಗ ಸಿಗದಿದ್ದರೆ ರಾತ್ರಿಯೆಲ್ಲ ರಸ್ತೆಯೇ ಗತಿ. ಮನೆಮಂದಿ ಎಂದರೆ ಮೂರು ಜನ ಅಲ್ಲ: ಅಜ್ಜಿ, ಅತ್ತೆ, ಮೊಮ್ಮಕ್ಕಳು ಸೇರಿ ಹುಲಿಗಿಗೆ, ಮಂತ್ರಾಲಯಕ್ಕೆ, ತಿರುಪತಿಗೆ ಹೊರಡುತ್ತಾರೆ. ಏಪ್ರಿಲ್‌ನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಹಿಂದಿನ ಸಾಲಿಗೂ ಎಸಿ ತಲುಪುವ ಗಾಡಿ ಬೇಕು ಎನ್ನುವುದರಲ್ಲಿ ತಪ್ಪೇನಿದೆ? ಏಳು ಸೀಟಿನ ಇನ್ನೋವಾ ನಮ್ಮ ಕುಟುಂಬಕ್ಕೆ ಅಳತೆ ತೆಗೆದು ಹೊಲಿದಂತಿದೆ. ನಗೋಯಾದ ನಾಲ್ಕು ಜನರ ಕೇ ಕಾರನ್ನು ಬಳ್ಳಾರಿಗೆ ತಂದು ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ.

ಆದರೆ ಅಗತ್ಯ ಎಲ್ಲಿ ನಿಂತಿತು, ಅಂತಸ್ತು ಎಲ್ಲಿ ಶುರುವಾಯಿತು ಎನ್ನುವುದಕ್ಕೆ ನಮ್ಮ ಜಿಲ್ಲೆಗೆ ಒಂದು ಚರಿತ್ರೆ ಇದೆ. ಸಂಡೂರಿನ ಕಬ್ಬಿಣದ ಅದಿರು ದಶಕಗಳ ಕಾಲ ಜಪಾನಿಗೆ ಹೋಗುತ್ತಿತ್ತು, ಆಗ ಯಾರ ಬದುಕೂ ರಾತ್ರೋರಾತ್ರಿ ಬದಲಾಗಲಿಲ್ಲ. ಬದಲಾಗಿದ್ದು ಚೀನಾದ ಬೇಡಿಕೆ ಏರಿದ ಮೇಲೆ, 2003-04ರ ನಂತರ. ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲು ಕೆಂಪು ಧೂಳು ಎಬ್ಬಿಸುತ್ತಿತ್ತು, ಆ ಸಾಲಿನ ನಡುವೆ ಬೆಂಗಳೂರಲ್ಲೂ ಅಪರೂಪವಾಗಿದ್ದ ವಿದೇಶಿ ಕಾರುಗಳು ಹಾರ್ನ್ ಹಾಕುತ್ತ ಹೋಗುತ್ತಿದ್ದವು. ಗಣಿ ರಸ್ತೆಗೆ ಎತ್ತರದ ಗಾಡಿ ಬೇಕಿತ್ತು ನಿಜ. ಆದರೆ ಅಲ್ಲಿಗೆ ಸ್ಕಾರ್ಪಿಯೋ ಸಾಕಿತ್ತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿ ಸಾಲ ಮಾಡಿದವರು ಬೀದಿಗೆ ಬಿದ್ದರು. ದೊಡ್ಡ ಕಾರುಗಳೆಷ್ಟೋ ಮಾರಾಟವಾದವು. ಆದರೆ ಆ ಏಳೆಂಟು ವರ್ಷಗಳಲ್ಲಿ ಊರಿಗೆ ಅಂಟಿದ ಒಂದು ರೂಢಿ ಹೋಗಲಿಲ್ಲ: ಮನುಷ್ಯನನ್ನು ಗಾಡಿಯಿಂದ ಅಳೆಯುವುದು.

ಇದನ್ನು ನಾನು ಕಂಡದ್ದು ಮದುವೆ ಮನೆಯಲ್ಲಿ ಅಲ್ಲ, ಒಂದು ಸರ್ಕಾರಿ ಕಚೇರಿಯಲ್ಲಿ. ಜಮೀನಿನ ಖಾತೆ ವಿಚಾರಕ್ಕೆ ತಂದೆಯವರ ಜೊತೆ ಹೋಗಿದ್ದೆ. ಆಟೋದಲ್ಲಿ ಬಂದ ನಮ್ಮನ್ನು ಹೊರಗಿನ ಬೆಂಚು ತೋರಿಸಿ ಕೂರಿಸಿದರು. ಅದು ಸರಿಯೇ, ಸರದಿ ಇರುತ್ತದೆ. ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಬಿಳಿ ಫಾರ್ಚುನರ್ ಬಂತು. ಅದರಿಂದ ಇಳಿದವರು ಯಾರೆಂದು ಗೊತ್ತಾಗುವ ಮುಂಚೆಯೇ ಜವಾನ ಎದ್ದು ನಿಂತ, ಒಳಗೆ ಕುರ್ಚಿ ಬಂತು, ಹಿಂದೆಯೇ ಚಹಾ. ತಂದೆ ನನ್ನ ಕಡೆ ತಿರುಗಿ, "ಇಲ್ಲಿ ಗಾಡಿ ನೋಡಿ ಕುರ್ಚಿ ಹಾಕ್ತಾರಪಾ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಅದೇ ಕಚೇರಿಯ ಗುಮಾಸ್ತರಲ್ಲಿ ಕೆಲವರಿಗೆ ಅಕ್ಷರ ಕಲಿಸಿದವರು.

ನಗೋಯಾದ ವಾರ್ಡ್ ಕಚೇರಿಯಲ್ಲಿ ಬಾಗಿಲ ಬಳಿಯ ಯಂತ್ರದಿಂದ ಒಂದು ಚೀಟಿ ಬರುತ್ತದೆ. ಆ ನಂಬರ್ ಪರದೆಯ ಮೇಲೆ ಬಂದಾಗ ಹೋಗಬೇಕು. ಹೊರಗೆ ಏನು ನಿಲ್ಲಿಸಿ ಬಂದಿದ್ದೀರಿ ಎನ್ನುವುದು ಕೌಂಟರಿನಲ್ಲಿ ಕೂತವರಿಗೆ ಕಾಣುವುದೂ ಇಲ್ಲ. ಇಲ್ಲಿ ದೊಡ್ಡ ಕಾರು ಕೊಂಡವನಿಗೆ ಸಿಗುವುದು ಆ ಕಾರಿನ ಸುಖ ಮಾತ್ರ. ಬಳ್ಳಾರಿಯಲ್ಲಿ ಅದರ ಜೊತೆಗೆ ಸರದಿ ತಪ್ಪಿಸುವ ಹಕ್ಕೂ ಸಿಗುತ್ತದೆ. 2017ರ ಮೇ 1ರಿಂದ ದೇಶದಲ್ಲಿ ಗಣ್ಯರ ಕಾರಿನ ಕೆಂಪು ದೀಪ ತೆಗೆಸಿದರು, ಒಳ್ಳೆಯದೇ ಆಯಿತು. ಆದರೆ ಆ ದೀಪ ಮಾಡುತ್ತಿದ್ದ ಕೆಲಸವನ್ನು ಈಗ ಬಿಳಿ ಬಣ್ಣದ ದೊಡ್ಡ ಗಾಡಿ, ಕೆಎ-34ರ ಮುಂದಿನ ಫ್ಯಾನ್ಸಿ ನಂಬರು, ಕಾನೂನು ಬೇಡವೆಂದರೂ ಅಂಟಿಸಿದ ಕಪ್ಪು ಫಿಲ್ಮು ಮಾಡುತ್ತಿವೆ. ಟೋಲ್ ಗೇಟಿನಲ್ಲಿ, ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ, ಕಲ್ಯಾಣ ಮಂಟಪದಲ್ಲಿ, ಹೆಣ್ಣು ಕೇಳಲು ಹೋದ ಮನೆಯಲ್ಲಿ ಎಲ್ಲೆಡೆ ಮೊದಲು ಮಾತಾಡುವುದು ಗಾಡಿ.

ನಮ್ಮ ಅಕ್ಕನ ಮಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಚಿಕ್ಕ ಘಟಕ ನಡೆಸುತ್ತಾನೆ. ಅವನಿಗೂ ಈಗ ಫಾರ್ಚುನರ್ ಬೇಕು. ಬೇಡ ಎಂದರೆ ಅವನು ಕೊಡುವ ಉತ್ತರ ತಳ್ಳಿಹಾಕುವಂಥದ್ದಲ್ಲ. "ಮಾಮಾ, ಬಟ್ಟೆ ಉದ್ರಿ ಕೊಡೋರು ಗಾಡಿ ನೋಡ್ತಾರ. ಸಣ್ಣ ಗಾಡ್ಯಾಗ ಹೋದ್ರ ರೊಕ್ಕ ಮೊದ್ಲು ಇಡು ಅಂತಾರ." ಜೊತೆಗೆ ಲೆಕ್ಕಪರಿಶೋಧಕರ ಸಲಹೆಯೂ ಇದೆ: ಗಾಡಿ ವ್ಯಾಪಾರದ ಹೆಸರಿನಲ್ಲಿದ್ದರೆ ವರ್ಷಕ್ಕೆ ಶೇ 15 ಸವಕಳಿ ಖರ್ಚಿಗೆ ಹಾಕಬಹುದು, ಬಡ್ಡಿಯೂ ಖರ್ಚಿಗೆ ಹೋಗುತ್ತದೆ. ನಾನು ಅವನ ಜೊತೆ ಕೂತು ಲೆಕ್ಕ ಹಾಕಿದೆ. ನಲವತ್ತು ಲಕ್ಷ ಸಾಲ, ಶೇ 9 ಬಡ್ಡಿ, ಏಳು ವರ್ಷ: ತಿಂಗಳಿಗೆ ಸುಮಾರು 64 ಸಾವಿರ ಕಂತು, ಒಟ್ಟು ಬಡ್ಡಿಯೇ ಹದಿನಾಲ್ಕು ಲಕ್ಷ. ಡೀಸೆಲ್, ಟೈರು, ವಿಮೆ ಬೇರೆ. ಅವನ ಘಟಕದಲ್ಲಿ ಹೊಲಿಯುವ ನಾಲ್ಕೈದು ಹೆಣ್ಣುಮಕ್ಕಳ ತಿಂಗಳ ಸಂಬಳ ಆ ಕಂತು. ಲಾಭ ಬಂದ ತಿಂಗಳು ಕಟ್ಟಬಹುದು. ಹಬ್ಬ ಕಳೆದು ಆರ್ಡರ್ ನಿಂತ ತಿಂಗಳು ಏನು?

ಹೊಸದು ಕೊಳ್ಳಲಾಗದವರದು ಇನ್ನೊಂದು ದಾರಿ. ದೆಹಲಿಯಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿಗೆ ಕೋರ್ಟಿನ ಆದೇಶದಿಂದ ನಿರ್ಬಂಧ ಬಂದ ಮೇಲೆ ಅಲ್ಲಿನ ಆಡಿ, ಬಿಎಂಡಬ್ಲ್ಯು, ಫಾರ್ಚುನರ್‌ಗಳು ಅಗ್ಗದಲ್ಲಿ ದಕ್ಷಿಣಕ್ಕೆ ಇಳಿಯತೊಡಗಿದವು. ಹೊಸ ಚಿಕ್ಕ ಕಾರಿನ ಬೆಲೆಗೆ ಹಳೆಯ ದೊಡ್ಡ ಕಾರು. ತಂದ ಮೇಲೆ ಕರ್ನಾಟಕದ ತೆರಿಗೆ ಕಟ್ಟಬೇಕು. ಗೇರ್‌ಬಾಕ್ಸ್ ಕೈಕೊಟ್ಟರೆ ಟ್ರಕ್ಕಿನ ಮೇಲೇರಿಸಿ ಬೆಂಗಳೂರಿಗೆ ಕಳಿಸಬೇಕು. ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತ ಇಂಥ ಗಾಡಿಗಳು ನನಗೆ ಗೊತ್ತಿರುವ ಮನೆಗಳಲ್ಲೇ ಇವೆ. ಅವನ್ನು ಕೊಂಡು ತಂದ ಹುಡುಗರನ್ನು ನೋಡಿದರೆ ಸಂಕಟವಾಗುತ್ತದೆ.

ಸುರಕ್ಷತೆಗಾಗಿ ದೊಡ್ಡ ಗಾಡಿ ಎನ್ನುವವರಿದ್ದಾರೆ. ಒಳಗಿರುವವರಿಗೆ ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಎರಡು ಟನ್ ತೂಕದ ಗಾಡಿ ಮೊಪೆಡ್ಡಿಗೆ ಗುದ್ದಿದಾಗ ಆ ಸುರಕ್ಷತೆ ಯಾರ ಪಾಲಿಗೆ ಬಂತು ಎಂದು ಕೇಳಲೇಬೇಕು. ಗಣಿ ಲಾರಿಗಳ ಕಾಲದಲ್ಲಿ ರಸ್ತೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಊರು ನಮ್ಮದು, ತೂಕ ಏನು ಮಾಡುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ದುಡ್ಡು ನನ್ನ ಗಾಡಿ ಎಂಬ ಮಾತಿಗೆ ನನ್ನ ವಿರೋಧವಿಲ್ಲ. ಗಾಡಿ ನಿಮ್ಮದು, ಆದರೆ ಅದು ನಿಲ್ಲುವ ರಸ್ತೆ ಎಲ್ಲರದು. ಬೆಂಗಳೂರು ರೋಡಿನಲ್ಲಿ, ಬ್ರೂಸ್‌ಪೇಟೆಯಲ್ಲಿ, ಕೌಲ್ ಬಜಾರಿನಲ್ಲಿ ರಸ್ತೆ ಬದಿ ನಿಲ್ಲಿಸುವ ಕಾರಿಗೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಹಾಕಿ, ನಾಲ್ಕು ಮೀಟರ್ ದಾಟಿದ್ದಕ್ಕೆ ದುಪ್ಪಟ್ಟು ಮಾಡಿ, ಬಂದ ಹಣದಲ್ಲಿ ಅಲ್ಲಿಯದೇ ಕಾಲುದಾರಿ ಕಟ್ಟಲಿ. ದೊಡ್ಡ ಗಾಡಿಯ ನೋಂದಣಿಗೆ ಜಪಾನಿನಂತೆ ಜಾಗದ ಪುರಾವೆ ಕೇಳುವ ಕಾನೂನನ್ನು ರಾಜ್ಯ ತರಲಿ. ಒಂದೇ ಸಲದ ತೆರಿಗೆಯ ಒಂದು ಪಾಲನ್ನು ಎಂಜಿನ್ನಿಗೂ ತೂಕಕ್ಕೂ ತಕ್ಕಂತೆ ವರ್ಷಕ್ಕಿಷ್ಟು ಎಂದು ಹಂಚಲಿ. ಎರೆ ಹೊಲಕ್ಕೆ ಹೋಗುವ ರೈತನ ಬೊಲೆರೊಗೆ ಇದರಲ್ಲಿ ರಿಯಾಯಿತಿ ಇರಲಿ.

ಇವೆಲ್ಲಕ್ಕೂ ಮುಂಚೆ ಆಗಬೇಕಾದದ್ದು ಕಚೇರಿಯ ಬಾಗಿಲಲ್ಲಿ. ತಾಲ್ಲೂಕು ಕಚೇರಿ, ಉಪನೋಂದಣಿ ಕಚೇರಿ, ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗ, ಎಲ್ಲ ಕಡೆ ಟೋಕನ್ ಕೊಡುವ ಯಂತ್ರವಿರಲಿ, ನಂಬರ್ ತೋರಿಸುವ ಪರದೆ ಹೊರಗಿನ ಬೆಂಚಿನಿಂದಲೂ ಕಾಣುವ ಹಾಗಿರಲಿ, ಕೆಟ್ಟರೆ ಒಂದು ದಿನದೊಳಗೆ ರಿಪೇರಿಯಾಗಲಿ. ಕುರ್ಚಿ ಎಲ್ಲರಿಗೂ ಹಾಕಲಿ. ಇಷ್ಟಾದ ಮೇಲೂ ಅಕ್ಕನ ಮಗ ಫಾರ್ಚುನರ್ ಬೇಕೆಂದರೆ ಕೊಳ್ಳಲಿ, ನಾನೇ ಜೊತೆಗೆ ಹೋಗಿ ಬಣ್ಣ ಆರಿಸಿಕೊಡುತ್ತೇನೆ.