ಅಕ್ಕಿ ಮೂಟೆಗೆ ಚರ್ಮದ ಸೀಟು

ನಮ್ಮ ಭಾವ ಅಮೆರಿಕದ ಡಲ್ಲಾಸ್ ಹತ್ತಿರ ಇದ್ದಾರೆ. ಕೆಲಸ ಸಾಫ್ಟ್‌ವೇರ್, ವಾಹನ ಪಿಕಪ್ ಟ್ರಕ್. ನನಗೆ ಕಾರಿನ ಹುಚ್ಚು ಅಂತ ಗೊತ್ತಿದ್ದ ಕಾರಣ ಏರ್‌ಪೋರ್ಟಿಗೆ ಅದನ್ನೇ ತಂದಿದ್ದರು. ಬಾನೆಟ್ ನನ್ನ ಎದೆಮಟ್ಟಕ್ಕಿತ್ತು. ಬಾಗಿಲು ತೆಗೆದ ಕೂಡಲೇ ಕೆಳಗಿನಿಂದ ಒಂದು ಮೆಟ್ಟಿಲು ತಾನಾಗೇ ಹೊರಗೆ ಬಂತು. ಅಮ್ಮ ಸೆರಗು ಸಿಕ್ಕಿಸಿಕೊಂಡು, ಮೇಲಿನ ಹಿಡಿ ಹಿಡಿದು, "ಅಯ್ಯೋ ರಾಮಾ" ಅಂತ ಹತ್ತಿದರು.

ನಾನು ಸೂಟ್‌ಕೇಸುಗಳನ್ನು ಹಿಂದಿನ ತೊಟ್ಟಿಗೆ ಹಾಕಲು ಹೋದೆ. "ಅಲ್ಲಿ ಬೇಡ ಕಣೋ, ಗೀರು ಬೀಳುತ್ತೆ" ಅಂದರು ಭಾವ.

ಎರಡು ದಿನದ ಮೇಲೆ ಇಂಡಿಯನ್ ಅಂಗಡಿಯಿಂದ ಒಂದು ಮೂಟೆ ಸೋನಾ ಮಸೂರಿ ತಂದೆವು. 20 ಪೌಂಡ್, ಅಂದರೆ ಒಂಬತ್ತು ಕೆ.ಜಿ. ಅದಕ್ಕೂ ತೊಟ್ಟಿಯಲ್ಲಿ ಜಾಗವಿಲ್ಲ. ಹಿಂದಿನ ಚರ್ಮದ ಸೀಟಿನಲ್ಲಿ ಕೂರಿಸಿದೆವು. ಟ್ರಕ್ಕು ಟಿಂಗ್ ಟಿಂಗ್ ಅಂತ ಬಡಿದುಕೊಳ್ಳತೊಡಗಿತು. ಯಾರೋ ಬೆಲ್ಟ್ ಹಾಕಿಲ್ಲವಂತೆ! ಭಾವ ಇಳಿದು ಹೋಗಿ ಅಕ್ಕಿಗೆ ಬೆಲ್ಟ್ ಬಿಗಿದು ಬಂದರು.

ತೊಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ದಶಕಗಳಿಂದ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕು ಫೋರ್ಡ್ ಎಫ್-150. ಸಂಸಾರವಂದಿಗರು ಕೊಳ್ಳುವ ನಾಲ್ಕು ಬಾಗಿಲಿನದಕ್ಕೆ ಸುಮಾರು 5.9 ಮೀಟರ್ ಉದ್ದ. ಅದರಲ್ಲಿ ತೊಟ್ಟಿಗೆ ಸಿಕ್ಕಿದ್ದು ಐದೂವರೆ ಅಡಿ. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಹೊರುವ ಟಾಟಾ ಏಸ್ ಇಡಿಯಾಗಿ 3.8 ಮೀಟರ್. ಅದರ ತೊಟ್ಟಿ ಏಳು ಅಡಿಗೂ ಜಾಸ್ತಿ! 2005ರಲ್ಲಿ ಬಂದಾಗ ಅದಕ್ಕಿದ್ದದ್ದು ಎರಡು ಸಿಲಿಂಡರಿನ 702 ಸಿಸಿ ಎಂಜಿನ್. ಇಲ್ಲಿ ನಾನೂರು ಕುದುರೆ ಕಟ್ಟಿದ್ದಾರೆ, ಒಬ್ಬ ಮನುಷ್ಯ ಮತ್ತು ಒಂದು ಲೋಟ ಕಾಫಿ ಎಳೆಯಲಿಕ್ಕೆ.

ತೊಟ್ಟಿಯಿಂದ ಕಿತ್ತುಕೊಂಡ ಜಾಗವೆಲ್ಲ ಎಲ್ಲಿಗೆ ಹೋಯಿತು? ಒಳಗೆ. ಸುಳ್ಳು ಯಾಕೆ ಹೇಳಲಿ, ಒಳಗೆ ಕೂತರೆ ಏಳಲು ಮನಸ್ಸಾಗುವುದಿಲ್ಲ. 2021ರ ಎಫ್-150ಯಲ್ಲಿ ಗೇರ್ ಹಿಡಿ ಮಡಚಿ ಒಳಗೆ ಹೋಗುತ್ತದೆ, ಅದರ ಮೇಲೆ ಮೇಜು ಬಿಡಿಸಿಕೊಳ್ಳಬಹುದು. ಮುಂದಿನ ಸೀಟುಗಳನ್ನು ಹೆಚ್ಚುಕಡಿಮೆ ಮಂಚದಷ್ಟು ಚಪ್ಪಟೆ ಮಾಡಬಹುದು. ಅಂದರೆ ಆಫೀಸೂ ಆಯಿತು, ಮಲಗುವ ಕೋಣೆಯೂ ಆಯಿತು. ಒಲೆಯೊಂದು ಇಟ್ಟರೆ ಗೃಹಪ್ರವೇಶ ಮಾಡಿಬಿಡಬಹುದು. ಜಿಎಂಸಿ ಕಂಪನಿಯವರ ಸಿಯೆರಾ ಡೆನಾಲಿ ಅಲ್ಟಿಮೇಟ್ ಟ್ರಕ್ಕಿನ ಒಳಗಿನ ಮರದ ಮೇಲೆ ಅಲಾಸ್ಕದ ಡೆನಾಲಿ ಪರ್ವತದ ನಕ್ಷೆಯನ್ನೇ ಕೊರೆದಿದ್ದಾರೆ. ಗಾಡಿ ದಿನಾ ಹತ್ತುವುದು ಮಾಲ್‌ನ ಪಾರ್ಕಿಂಗ್ ರ‍್ಯಾಂಪ್. 2025ರ ಕ್ಯಾಡಿಲಾಕ್ ಎಸ್ಕಲೇಡ್‌ನಲ್ಲಿ ಮುಂದಿನ ಗಾಜಿನ ಈ ಬದಿಯ ಕಂಬದಿಂದ ಆ ಬದಿಯ ಕಂಬದವರೆಗೆ 55 ಇಂಚಿನ ಪರದೆ. ನಮ್ಮ ಮನೆ ಟಿವಿ 43 ಇಂಚು. ಈ ಗೀಳು ಅಮೆರಿಕದ ಕಂಪನಿಗಳಿಗಷ್ಟೇ ಅಲ್ಲ. ಜಪಾನಿನ ಸುಬಾರು ಅಲ್ಲಿನವರಿಗಾಗಿಯೇ ಮಾಡಿದ ಅಸೆಂಟ್ ಎಸ್‌ಯುವಿಯಲ್ಲಿ ಎಂಟು ಜನ ಕೂರಬಹುದು. ಲೋಟ ಇಡುವ ಗುಳಿ ಹತ್ತೊಂಬತ್ತು. ತಲೆಗೆ ಎರಡು ಲೋಟ, ಮೇಲೆ ಮೂರು ನೆಂಟರಿಗೆ.

ಇಷ್ಟಾದರೂ ಸರ್ಕಾರದ ಲೆಕ್ಕದಲ್ಲಿ ಇವೆಲ್ಲ ದುಡಿಯುವ ಬಡಪಾಯಿ ಗಾಡಿಗಳು. 1973ರ ಎಣ್ಣೆ ಬಿಕ್ಕಟ್ಟಾದ ಮೇಲೆ, 1975ರಲ್ಲಿ, ಕಾರುಗಳು ಇಷ್ಟು ಮೈಲೇಜ್ ಕೊಡಲೇಬೇಕು ಅಂತ ಅಲ್ಲಿ ಕಾನೂನು ಬಂತು. ರೈತರು, ಗಾರೆಯವರು ಓಡಿಸುವ ಸಣ್ಣ ಟ್ರಕ್ಕುಗಳಿಗೆ ಸ್ವಲ್ಪ ರಿಯಾಯಿತಿ ಸಿಕ್ಕಿತು. ಕಂಪನಿಗಳಿಗೆ ಅಷ್ಟು ಸಾಕಲ್ವಾ? ಎಸ್‌ಯುವಿಗಳೆಲ್ಲ ಸಾಲಾಗಿ ಬಂದು ಟ್ರಕ್ಕಿನ ಪಟ್ಟಿಯಲ್ಲಿ ಕೂತವು. ಕ್ರೈಸ್ಲರಿನ ಪಿಟಿ ಕ್ರೂಸರ್ ಅನ್ನುವ ಗುಂಡುಗುಂಡಾದ ಪುಟ್ಟ ಕಾರೂ, ಹಿಂದಿನ ಸೀಟು ತೆಗೆದರೆ ನೆಲ ಸಪಾಟಾಗುತ್ತದೆ ಅನ್ನುವ ಆಧಾರದ ಮೇಲೆ, ಟ್ರಕ್ಕಾಯಿತು.

ಇದಕ್ಕಿಂತ ಮಜಾ ಅಂದರೆ ಕೋಳಿ ಕಥೆ. ಅರವತ್ತರ ದಶಕದಲ್ಲಿ ಅಮೆರಿಕದ ಅಗ್ಗದ ಕೋಳಿ ಯೂರೋಪಿಗೆ ನುಗ್ಗಿತು. ಪಶ್ಚಿಮ ಜರ್ಮನಿ, ಫ್ರಾನ್ಸ್ ಸೇರಿ ಕೋಳಿಗೆ ಸುಂಕ ಏರಿಸಿದವು. ಸಿಟ್ಟಾದ ಅಮೆರಿಕ 1964ರಲ್ಲಿ ಹೊರದೇಶದ ಸಣ್ಣ ಟ್ರಕ್ಕುಗಳಿಗೆ 25 ಪರ್ಸೆಂಟ್ ಸುಂಕ ಜಡಿಯಿತು. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಅಂತ ನಾವು ಕೇಳುತ್ತೇವೆ. ಇವರು ಕೋಳಿ ನೆಪದಲ್ಲಿ ಲಾರಿಗೆ ಮಸಾಲೆ ಅರೆದರು. ಆ ಕೋಳಿ ಯಾವತ್ತೋ ಜೀರ್ಣವಾಗಿದೆ, ಸುಂಕ ಮಾತ್ರ ಇನ್ನೂ ಇದೆ. ಸ್ಪರ್ಧೆ ಇಲ್ಲದ ಕಡೆ ಮನೆಯ ಟ್ರಕ್ಕುಗಳು ತಿಂದುಂಡು ದಪ್ಪಗಾದವು.

ಸುಂಕ ತಪ್ಪಿಸಲು ಸುಬಾರು ತನ್ನ ಬ್ರಾಟ್ ಪಿಕಪ್ಪಿನ ತೊಟ್ಟಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು ಹಾಕಿತು. ಮುಖ ಹಿಂದಕ್ಕೆ, ತಲೆ ಬಿಸಿಲಿಗೆ. "ಇದು ಲಾರಿಯಲ್ಲ ಸ್ವಾಮಿ, ಕಾರು!" ಫೋರ್ಡ್ ಕೂಡ ಕಡಿಮೆಯಲ್ಲ. ಟರ್ಕಿಯಲ್ಲಿ ಮಾಡಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನಿಗೆ ಹಿಂದಿನ ಸೀಟು, ಕಿಟಕಿ ಎಲ್ಲ ಜೋಡಿಸಿ ಅಮೆರಿಕಕ್ಕೆ ಸಾಗಿಸಿತು. ಸುಂಕದ ಕಟ್ಟೆ ದಾಟಿದ ಮೇಲೆ ಸೀಟು ಕಿತ್ತು ಬಿಸಾಕಿ ಸಾಮಾನಿನ ವ್ಯಾನ್ ಮಾಡಿ ಮಾರಿತು. ಇದರ ಮೇಲೆ ಸರ್ಕಾರದ ಜೊತೆ ಎದ್ದ ಜಗಳ ಮುಗಿದದ್ದು 2024ರಲ್ಲಿ, ಫೋರ್ಡ್ 36.5 ಕೋಟಿ ಡಾಲರ್ ಕೊಡಲು ಒಪ್ಪಿದ ಮೇಲೆ. ಹೀಗೆ ಬಂದರಿನಲ್ಲಿ ಲಾರಿ ಕಾರಿನ ವೇಷ ಹಾಕುತ್ತದೆ, ಮೈಲೇಜ್ ಲೆಕ್ಕದಲ್ಲಿ ಕಾರು ಲಾರಿಯ ವೇಷ ಹಾಕುತ್ತದೆ. ನಮ್ಮ ಬಯಲಾಟದವರಾದರೂ ಬೆಳಗಾದರೆ ಬಣ್ಣ ತೊಳೆಯುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ. ಭಾವನ ಟ್ರಕ್ಕಿನ ಮುಂದೆ ಅಕ್ಕನ ಐದು ವರ್ಷದ ಮಗಳು ನಿಂತರೆ ಡ್ರೈವರ್ ಸೀಟಿನಿಂದ ಕಾಣುವುದಿಲ್ಲ. ಅದಕ್ಕೊಂದು ಕ್ಯಾಮೆರಾ ಇಟ್ಟಿದ್ದಾರೆ. ಬಾನೆಟ್ ತಗ್ಗಿಸೋಣ ಅಂತ ಯಾರಿಗೂ ಹೊಳೆದಿಲ್ಲ. ಬಾನೆಟ್ಟು 40 ಇಂಚಿಗಿಂತ ಎತ್ತರ ಇದ್ದರೆ, ತಗ್ಗಾದ ಇಳಿಜಾರು ಮೂತಿಯ ಕಾರಿಗಿಂತ ಪಾದಚಾರಿ ಸಾಯುವ ಸಂಭವ ಸುಮಾರು 45 ಪರ್ಸೆಂಟ್ ಜಾಸ್ತಿ ಅಂತ ಅಲ್ಲಿನ ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ 2023ರಲ್ಲೇ ಹೇಳಿದೆ.

ಹೊರಡುವ ಹಿಂದಿನ ವಾರ ಅಕ್ಕನಿಗೆ ಒಂದು ಶೆಲ್ಫ್ ಬೇಕಾಯಿತು. ಪ್ಲೈವುಡ್ ಹಲಗೆ, ಎಂಟು ಅಡಿ ನಾಲ್ಕು ಅಡಿ. ಭಾವ ಅಂಗಡಿ ಮುಂದೆ ಟೇಪು ಹಿಡಿದು ತೊಟ್ಟಿಯನ್ನು ಉದ್ದಕ್ಕೆ ಅಳೆದರು, ಮೂಲೆಯಿಂದ ಮೂಲೆಗೂ ಅಳೆದರು. ಹಿಂದಿನ ಬಾಗಿಲು ತೆಗೆದಿಟ್ಟೇ ಹೋಗಬಹುದಲ್ಲ ಭಾವ ಅಂದೆ. ಪೇಂಟ್ ನೆನಪಾಯಿತೇನೋ, ಮಾತಾಡಲಿಲ್ಲ. ಕೊನೆಗೆ ಮನೆ ಮುಂದಿನ ಹುಲ್ಲು ಕತ್ತರಿಸುವ ತಾತನಿಗೆ ಫೋನ್ ಮಾಡಿದರು. ಎರಡು ಬಾಗಿಲಿನ ಹಳೇ ಪುಟ್ಟ ಪಿಕಪ್ ಬಂತು. ಸೀಟಿಗೆ ಟೇಪ್ ಅಂಟಿಸಿದ್ದ, ಒಂದು ಕನ್ನಡಿ ಇರಲಿಲ್ಲ. ಹಲಗೆ ಮೇಲಿಟ್ಟು ಹಗ್ಗ ಬಿಗಿದು ಹೊರಟೇಬಿಟ್ಟ.

ನಾವು ಹಿಂದೆ ಹೋದೆವು. ಸ್ಕ್ರೂ ಪೊಟ್ಟಣ ನಮ್ಮ ಟ್ರಕ್ಕಿನಲ್ಲಿತ್ತು, ಲೋಟದ ಗುಳಿಯಲ್ಲಿ.