ಅದೇ ಆಲ್ಬಂ ಮತ್ತೆ ಬೇಕೆಂದು ಕೇಳುವ ಹಕ್ಕು ನಮಗಿಲ್ಲ

ಹಳೆಯ ರಾಕ್ ಬ್ಯಾಂಡೊಂದು ಹೊಸ ಆಲ್ಬಂ ಹೊರತಂದ ದಿನವೇ ಎರಡು ದೂರುಗಳು ಹುಟ್ಟಿಕೊಳ್ಳುತ್ತವೆ. ಹೊಸತೇನೂ ಇಲ್ಲ, ಇಪ್ಪತ್ತು ವರ್ಷದಿಂದ ಇದನ್ನೇ ಬಾರಿಸುತ್ತಿದ್ದಾರೆ ಎಂಬುದು ಒಂದು. ಇದು ನಮ್ಮ ಬ್ಯಾಂಡೇ ಅಲ್ಲ, ಮೊದಲಿನ ಆ ಗಿಟಾರ್ ಎಲ್ಲಿ ಹೋಯಿತು ಎಂಬುದು ಇನ್ನೊಂದು. ಎಷ್ಟೋ ಸಲ ಒಂದೇ ಬಾಯಿಂದ ಎರಡೂ ಬರುತ್ತವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬ್ಯಾಂಡ್ ಬದಲಾಗಲಿ. ಹೆಸರು ತಂದುಕೊಟ್ಟ ವಾದ್ಯವನ್ನೇ ಕೆಳಗಿಡಬೇಕೆನಿಸಿದರೆ ಇಡಲಿ. ಬದಲಾಗದೆ ಉಳಿಯುವುದಾದರೆ ಅದು ಅವರದೇ ಹಟವಾಗಿರಲಿ. ನಮ್ಮ ಒತ್ತಾಯಕ್ಕೆ ಮಣಿದು ಹಳೆಯದನ್ನೇ ನುಡಿಸುವವರ ಹಾಡಿನಲ್ಲಿ ಆ ಮಣಿತ ಕೇಳಿಸಿಯೇ ಕೇಳಿಸುತ್ತದೆ.

ಅಭಿಮಾನಿಗಳ ಈ ಒತ್ತಾಯ ಎಲ್ಲಿಯವರೆಗೆ ಹೋಗಬಲ್ಲದು ಎಂದು ಯೋಚಿಸುವಾಗಲೆಲ್ಲ ನನಗೆ ಗಾಯಕ ನೀಲ್ ಯಂಗ್ ಪ್ರಕರಣ ನೆನಪಾಗುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ಆತ ಗಿಟಾರಿನ ಜಾನಪದ ರಾಕ್ ಬಿಟ್ಟು, ಸಿಂಥಸೈಜರ್ ಮತ್ತು ಕಂಠವನ್ನು ಯಂತ್ರದ ದನಿಯಾಗಿಸುವ ವೋಕೋಡರ್ ಹಿಡಿದು 'ಟ್ರಾನ್ಸ್' ಮಾಡಿದ. ಮುಂದಿನ ಆಲ್ಬಂನಲ್ಲಿ ಐವತ್ತರ ದಶಕದ ರಾಕಬಿಲಿಗೆ, ಅಂದರೆ ಕಂಟ್ರಿ ಬೆರೆತ ಆರಂಭದ ರಾಕ್‌ಗೆ, ಹಾರಿದ. 1983ರಲ್ಲಿ ಅವನ ಧ್ವನಿಮುದ್ರಣ ಕಂಪನಿ ಗೆಫೆನ್ ಅವನ ಮೇಲೆಯೇ ದಾವೆ ಹೂಡಿತು. ಆರೋಪವೇನು? ಈತ ಕೊಡುತ್ತಿರುವ ಸಂಗೀತ ಈತನ ಸಂಗೀತದಂತಿಲ್ಲ ಎಂಬುದು! ಆ ವಿಚಿತ್ರ ಯಂತ್ರದನಿಯ ಹಿಂದೆ, ಮಾತು ಬಾರದ ತನ್ನ ಮಗನನ್ನು ತಲುಪುವ ಪ್ರಯತ್ನವಿತ್ತೆಂದು ಯಂಗ್ ಮುಂದೆ ವಿವರಿಸಿದ. ದಾವೆಯನ್ನು ಕಂಪನಿ ಕೊನೆಗೆ ಹಿಂತೆಗೆದುಕೊಂಡಿತು. ಆದರೆ ಅದರ ಹಿಂದಿದ್ದ ಮನೋಭಾವ ಕೇಳುಗರಾದ ನಮ್ಮಲ್ಲಿ ಇಂದಿಗೂ ಹಾಯಾಗಿ ಬದುಕಿದೆ. ನೀನು ನಿನ್ನಂತಿಲ್ಲ ಎಂದು ಒಬ್ಬ ಸಂಗೀತಗಾರನಿಗೆ ಹೇಳಲು ನಾವ್ಯಾರು?

ರಾಕ್ ಸಂಗೀತದ ಚರಿತ್ರೆಯಿಂದ ಬದಲಾವಣೆಯನ್ನು ತೆಗೆದುಹಾಕಿದರೆ ಉಳಿಯುವುದು ತೀರಾ ಸ್ವಲ್ಪ. ಬೀಟಲ್ಸ್ 1963ರ ಫೆಬ್ರವರಿಯಲ್ಲಿ ತಮ್ಮ ಮೊದಲ ಆಲ್ಬಂನ ಹೆಚ್ಚಿನ ಹಾಡುಗಳನ್ನು ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ಅದಾಗಿ ಮೂರು ವರ್ಷಕ್ಕೆ, 1966ರ 'ರಿವಾಲ್ವರ್'ನಲ್ಲಿ, ಟೇಪನ್ನು ಹಿಂದುಮುಂದಾಗಿ ಓಡಿಸಿ, ತುಂಡು ಟೇಪುಗಳನ್ನು ಸುತ್ತುಹಾಕಿಸಿ, ವೇದಿಕೆಯ ಮೇಲೆ ನುಡಿಸಲಾಗದ ಸಂಗೀತ ಮಾಡುತ್ತಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಪ್ರವಾಸವನ್ನೇ ನಿಲ್ಲಿಸಿಬಿಟ್ಟರು. ಮೂರೇ ವರ್ಷ! ಇಂದಿನ ಎಷ್ಟೋ ಬ್ಯಾಂಡುಗಳು ಒಂದು ಆಲ್ಬಂನಿಂದ ಇನ್ನೊಂದಕ್ಕೆ ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡು, ಒಂದು ಹೆಜ್ಜೆಯೂ ಕದಲಿರುವುದಿಲ್ಲ.

ಈ ಚರ್ಚೆಯಲ್ಲಿ ಇಂಗ್ಲೆಂಡಿನ ರೇಡಿಯೊಹೆಡ್ ಬ್ಯಾಂಡಿನ ಹೆಸರು ಬಂದೇ ಬರುತ್ತದೆ, ಬರಬೇಕು ಕೂಡ. 1997ರ 'ಓಕೆ ಕಂಪ್ಯೂಟರ್' ಆದ ಮೇಲೆ ಅವರ ಹಾಗೆ ಕೇಳಿಸಬೇಕೆಂದು ಹಂಬಲಿಸುವ ಬ್ಯಾಂಡುಗಳೇ ಹತ್ತಾರು ಹುಟ್ಟಿದವು. ಎತ್ತರದ ದನಿಯ ಗಾಯಕ, ಅಲೆಅಲೆಯಾಗಿ ಏರುವ ಗಿಟಾರ್, ಕೊನೆಗೊಂದು ಸ್ಫೋಟ. ಆ ಅಚ್ಚನ್ನು ಕಡೆದವರೇ ಅದನ್ನು ಕೈಬಿಟ್ಟರು. ಗಾಯಕ ಟಾಮ್ ಯಾರ್ಕ್‌ಗೆ ಹಾಡು ಬರೆಯುವುದೇ ನಿಂತುಹೋಗಿತ್ತು, ಏಫೆಕ್ಸ್ ಟ್ವಿನ್‌ನಂಥವರ ಎಲೆಕ್ಟ್ರಾನಿಕ್ ಸಂಗೀತವಷ್ಟೇ ಕಿವಿಗೆ ರುಚಿಸುತ್ತಿತ್ತು. ಗಿಟಾರ್ ನುಡಿಸುವ ಎಡ್ ಓ'ಬ್ರಯನ್‌ಗೆ ಇದ್ದ ಆಸೆಯೇ ಬೇರೆ: ಚಿಕ್ಕ, ಚುರುಕಾದ ಗಿಟಾರ್ ಹಾಡುಗಳಿಗೆ ಮರಳಬೇಕು ಎಂದು. ಪ್ಯಾರಿಸ್, ಕೋಪನ್‌ಹೇಗನ್ ಎಂದು ಸ್ಟುಡಿಯೊಗಳನ್ನು ಬದಲಿಸುತ್ತಾ, ಜಗಳವಾಡುತ್ತಾ, ಯಾರು ಏನು ನುಡಿಸಬೇಕೆಂದೇ ತಿಳಿಯದ ದಿನಗಳನ್ನು ದಾಟಿ 2000ದ ಅಕ್ಟೋಬರಿನಲ್ಲಿ 'ಕಿಡ್ ಎ' ಹೊರಬಂತು. ಪ್ರಚಾರಕ್ಕೆಂದು ಅದರಿಂದ ಒಂದು ಸಿಂಗಲ್ (ಬಿಡಿಯಾಗಿ ಹೊರತರುವ ಹಾಡು) ಕೂಡ ಬಿಡುಗಡೆ ಮಾಡಲಿಲ್ಲ. ಆದರೂ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಮಾರಾಟದಿಂದ ಅವರ ದಾರಿ ಸರಿಯೆಂದು ಸಾಬೀತಾಯಿತು ಎಂದು ನಾನು ವಾದಿಸುತ್ತಿಲ್ಲ. ಮಾರಾಟವಾಗದಿದ್ದರೂ ನನ್ನ ಮಾತು ಇದೇ ಇರುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಆ ಆಲ್ಬಂನ ನಡುವೆ 'ಟ್ರೀಫಿಂಗರ್ಸ್' ಎಂಬ, ತಾಳವಿಲ್ಲದ, ಮಾತಿಲ್ಲದ ಒಂದು ತುಣುಕಿದೆ. ಮಂಜು ಕವಿದಂತೆ ಕೇಳುವ ಆ ನಾದ ಮೂಲತಃ ಓ'ಬ್ರಯನ್ ನುಡಿಸಿದ ಗಿಟಾರ್. ಯಾರ್ಕ್ ಅದನ್ನು ಕಂಪ್ಯೂಟರಿಗೆ ಹಾಕಿ, ಎಳೆದು, ಕರಗಿಸಿ ಹಾಗೆ ಮಾಡಿದ. ಗಿಟಾರ್ ಹಾಡುಗಳು ಬೇಕೆಂದಿದ್ದವನ ಗಿಟಾರೇ ಗುರುತು ಸಿಗದಷ್ಟು ಬದಲಾಗಿ ಅಲ್ಲಿ ಕುಳಿತಿದೆ. ಆತ ಬ್ಯಾಂಡ್ ಬಿಟ್ಟು ಹೋಗಲಿಲ್ಲ. ಹಾಡೊಂದರಲ್ಲಿ ತನಗೆ ಕೆಲಸವಿಲ್ಲದಿದ್ದರೆ ಸುಮ್ಮನಿರುವುದನ್ನು ಆ ಐವರೂ ಕಲಿತರು. ಬ್ಯಾಂಡಿನೊಳಗೆ ಇದಕ್ಕಿಂತ ಕಷ್ಟದ ವಿದ್ಯೆ ಇನ್ನೊಂದಿರಲಾರದು.

ಬ್ಯಾಂಡಿನ ಗುರುತು ಎಂದರೆ ನಿರ್ದಿಷ್ಟ ಗಿಟಾರಿನ ದನಿ, ನಿರ್ದಿಷ್ಟ ವೇಗ, ನಿರ್ದಿಷ್ಟ ಬಗೆಯ ಕೂಗು ಎಂದು ನಂಬಿದವರು ಇಲ್ಲಿಯೇ ಎಡವುತ್ತಾರೆ. ನಾಲ್ಕೈದು ಜನ ಒಬ್ಬರ ನುಡಿಸಾಣಿಕೆಯನ್ನು ಇನ್ನೊಬ್ಬರು ಹೇಗೆ ಕೇಳಿಸಿಕೊಳ್ಳುತ್ತಾರೆ, ಎಲ್ಲಿ ಜಾಗ ಬಿಡುತ್ತಾರೆ, ಯಾರು ಯಾರಿಗಿಂತ ಕೂದಲೆಳೆಯಷ್ಟು ಹಿಂದೆ ಬಾರಿಸುತ್ತಾರೆ ಎಂಬುದರಲ್ಲಿ ಗುರುತು ಇರುತ್ತದೆ. ವಾದ್ಯ ಬದಲಾದರೂ ಆ ಕೇಳಿಸಿಕೊಳ್ಳುವಿಕೆ ಉಳಿದರೆ ಬ್ಯಾಂಡ್ ಉಳಿಯಿತು. ಅದು ಸತ್ತ ಮೇಲೆ ಅದೇ ಗಿಟಾರ್, ಅದೇ ಆಂಪ್ಲಿಫೈಯರ್, ಅದೇ ಲಾಂಛನ ಇಟ್ಟುಕೊಂಡು ಏನು ಮಾಡುವುದು?

ಹಾಗಾದರೆ ಬದಲಾಗದವರು? ಎಸಿ/ಡಿಸಿಯನ್ನು ಹೀಗಳೆಯುವವರ ಮಾತು ನನಗೆ ಎಂದೂ ಒಪ್ಪಿಗೆಯಾಗಿಲ್ಲ. 1973ರಲ್ಲಿ ಸಿಡ್ನಿಯಲ್ಲಿ ಶುರುವಾದ ಆ ಬ್ಯಾಂಡಿನ ಎಲ್ಲ ಹಾಡೂ ಒಂದೇ ಎನ್ನುವವರು ಮಾಲ್ಕಂ ಯಂಗ್‌ನ ಬಲಗೈಯನ್ನು ಗಮನವಿಟ್ಟು ಕೇಳಿಲ್ಲ. ಶಾಲಾ ಸಮವಸ್ತ್ರ ತೊಟ್ಟು ಕುಣಿಯುವ ತಮ್ಮ ಆಂಗಸ್ ಮೇಲೆ ಎಲ್ಲರ ಕಣ್ಣು. ಅಣ್ಣ ಮಾಲ್ಕಂ ಡ್ರಮ್ಸ್ ಪಕ್ಕದಲ್ಲಿ ಹಳೆಯ ಗ್ರೆಚ್ ಗಿಟಾರ್ ಹಿಡಿದು ನಿಂತಿರುತ್ತಿದ್ದ. ಪಲ್ಲವಿಗೆ ದನಿಗೂಡಿಸಲು ಮೈಕಿನ ಬಳಿ ಬಂದು, ಮತ್ತೆ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದ. ಆತನ ಗಿಟಾರಿನಲ್ಲಿ ಜನ ಭಾವಿಸುವಷ್ಟು ಕರ್ಕಶ ವಿರೂಪವಿಲ್ಲ. ದಪ್ಪ ತಂತಿ, ಹೆಚ್ಚುಕಡಿಮೆ ಶುದ್ಧ ಸ್ವರ, ಒಂದೊಂದು ಹೊಡೆತದ ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಆ ಬ್ಯಾಂಡಿನ ಭಾರವೆಲ್ಲ ಇದೆ. ಅನುಕರಿಸಲು ಹೋದ ಬ್ಯಾಂಡುಗಳೆಲ್ಲ ಆ ಜಾಗವನ್ನು ತುಂಬಿಸಿಯೇ ಸೋತವು.

1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡ. ಅದೇ ಜುಲೈನಲ್ಲಿ ಬ್ರಯನ್ ಜಾನ್ಸನ್‌ನ ಕಂಠದಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಬ್ಯಾಂಡೊಂದರಲ್ಲಿ ಜನ ಮೊದಲು ಗುರುತಿಸುವ ಅಂಶ ಗಾಯಕನ ಕಂಠ. ಅದೇ ಬದಲಾಯಿತು, ಆದರೂ ಆ ಬ್ಯಾಂಡ್ ಬದಲಾಗಲಿಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ, ಏಕೆ? ಅಡಿಯಲ್ಲಿದ್ದ ಲಯ ಅಲುಗಾಡಲಿಲ್ಲ. ಮರೆವಿನ ಕಾಯಿಲೆಯಿಂದ 2014ರಲ್ಲಿ ಹಿಂದೆ ಸರಿದ ಮಾಲ್ಕಂ 2017ರಲ್ಲಿ ತೀರಿಕೊಂಡ. ಆತನ ಜಾಗಕ್ಕೆ ಬಂದವನು ಅದೇ ಕುಟುಂಬದ ಸ್ಟೀವಿ ಯಂಗ್. 2020ರ 'ಪವರ್ ಅಪ್'ನ ಎಲ್ಲ ಹಾಡುಗಳ ರಚನೆಯಲ್ಲೂ ಮಾಲ್ಕಂನ ಹೆಸರಿದೆ, ಏಕೆಂದರೆ ಅಣ್ಣತಮ್ಮಂದಿರು ಹಿಂದೆ ಕೂಡಿಟ್ಟಿದ್ದ ರಿಫ್‌ಗಳಿಂದಲೇ (ಮರಳಿ ಮರಳಿ ಬರುವ ಗಿಟಾರ್ ತುಣುಕುಗಳಿಂದಲೇ) ಅವು ಕಟ್ಟಲ್ಪಟ್ಟವು. ಇದನ್ನು ಸೋಮಾರಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದು ವ್ರತ. ನಲವತ್ತೇಳು ವರ್ಷ ಒಂದೇ ಬಾವಿಯನ್ನು ತೋಡಿದವರಿಗೆ ಅಷ್ಟು ಆಳದಲ್ಲಿ ಸಿಗುವ ನೀರು ಬೇರೆಯೇ.

ಆದರೆ ಆ ವ್ರತ ಎಲ್ಲರಿಗೂ ಒಗ್ಗುವುದಿಲ್ಲ, ಎಲ್ಲರ ಮೇಲೂ ಹೇರಬಾರದು. ಮೂರು ಸ್ವರಗುಚ್ಛಗಳಲ್ಲಿ ಇನ್ನೂ ಸುಖ ಕಾಣುವವನು ಅಲ್ಲಿಯೇ ಇರಲಿ. ಅದರಲ್ಲಿ ಉಸಿರುಗಟ್ಟಿದವನನ್ನು ಅಲ್ಲಿಯೇ ಕಟ್ಟಿಹಾಕಿದರೆ ಕೇಳುಗನಿಗೆ ಸಿಗುವುದು ಹಳೆಯ ಹಾಡಿನ ನಕಲು ಮಾತ್ರ.

ಫ್ಲೀಟ್‌ವುಡ್ ಮ್ಯಾಕ್ ಇದನ್ನು ಚೆನ್ನಾಗಿ ಅರಿತಿತ್ತು. ಬ್ರಿಟಿಷ್ ಬ್ಲೂಸ್ ಬ್ಯಾಂಡಾಗಿ ಹುಟ್ಟಿ, 1977ರ 'ರೂಮರ್ಸ್' ಹೊತ್ತಿಗೆ ಕ್ಯಾಲಿಫೋರ್ನಿಯಾದ ನಯವಾದ ಪಾಪ್ ರಾಕ್ ಆಗಿದ್ದ ಅದು ಆಗಲೇ ಒಂದು ಜನ್ಮ ದಾಟಿತ್ತು. 'ರೂಮರ್ಸ್' ಈವರೆಗೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಮುಂದಿನದೂ ಅದರಂತೆಯೇ ಇರಲಿ ಎಂದು ಎಲ್ಲರೂ ಕಾದಿದ್ದಾಗ ಗಿಟಾರ್ ನುಡಿಸುತ್ತಿದ್ದ ಲಿಂಡ್ಸೆ ಬಕಿಂಗ್‌ಹ್ಯಾಮ್ ಎರಡನೆಯ 'ರೂಮರ್ಸ್' ಮಾಡಲು ಒಪ್ಪಲಿಲ್ಲ. 1979ರ 'ಟಸ್ಕ್' ಒರಟಾದ, ಅಂಚು ಕತ್ತರಿಸದ, ಎರಡು ತಟ್ಟೆಗಳ ಆಲ್ಬಂ. ಅದರ ಶೀರ್ಷಿಕೆಗೀತೆಗೆ ವಿಶ್ವವಿದ್ಯಾಲಯವೊಂದರ ಕವಾಯತು ವಾದ್ಯವೃಂದವನ್ನೇ ಕರೆಸಿದ್ದರು. ಹಿಂದಿನದರ ಸಣ್ಣ ಪಾಲಷ್ಟೇ ಮಾರಾಟವಾಯಿತು, ಸೋಲೆಂಬ ಹಣೆಪಟ್ಟಿ ಬಿತ್ತು. ನನ್ನ ಕಿವಿಗೆ ಅವರ ಎಲ್ಲ ಆಲ್ಬಂಗಳಲ್ಲಿ ಇಂದಿಗೂ ಹಳೆಯದಾಗದೆ ಉಳಿದಿರುವುದು ಅದೇ.

ಎಲ್ಲ ಬದಲಾವಣೆಗಳನ್ನೂ ನಾನು ಕಣ್ಣುಮುಚ್ಚಿ ಹೊಗಳುವುದಿಲ್ಲ. ಯು2 ಬ್ಯಾಂಡನ್ನೇ ನೋಡಿ. 1987ರ 'ದಿ ಜಾಶುವಾ ಟ್ರೀ' ಬಳಿಕ ಅವರು ಬರ್ಲಿನ್ನಿನ ಹಾನ್ಸಾ ಸ್ಟುಡಿಯೊಗೆ ಹೋದಾಗ ಗಾಯಕ ಬೊನೊ ಮತ್ತು ಗಿಟಾರ್ ನುಡಿಸುವ ಎಡ್ಜ್‌ಗೆ ನೃತ್ಯಸಂಗೀತದ ಕಡೆ ಒಲವು. ಡ್ರಮ್ಸ್ ಬಾರಿಸುವ ಲ್ಯಾರಿ ಮಲನ್ ಮತ್ತು ಬೇಸ್ ನುಡಿಸುವ ಆಡಂ ಕ್ಲೇಟನ್‌ಗೆ ಹಳೆಯ ದಾರಿಯೇ ಸಾಕಿತ್ತು. ಬ್ಯಾಂಡೇ ಮುರಿಯುವಂತಿದ್ದ ಆ ಜಗಳದ ನಡುವೆ, ಬೇರೊಂದು ಹಾಡಿಗೆಂದು ಹುಡುಕುತ್ತಿದ್ದ ಸ್ವರಗಳಿಂದ 'ಒನ್' ಹುಟ್ಟಿತು. 1991ರ 'ಆಕ್ಟುಂಗ್ ಬೇಬಿ' ನಾಲ್ವರೂ ಸೋತು ಗೆದ್ದ ಆಲ್ಬಂ. 1997ರ 'ಪಾಪ್' ಹಾಗಲ್ಲ. ಪ್ರವಾಸದ ದಿನಾಂಕ ಮೊದಲೇ ಗೊತ್ತುಮಾಡಿ, ಹಾಡುಗಳನ್ನು ಆತುರದಲ್ಲಿ ಮುಗಿಸಿದರು, ಆಮೇಲೆ ಕೆಲವನ್ನು ಅವರೇ ಮತ್ತೆ ತಿದ್ದಿದರು. ಅಲ್ಲಿನ ಲೂಪುಗಳು, ಅಂದರೆ ಯಂತ್ರದಲ್ಲಿ ಸುತ್ತಿ ಸುತ್ತಿ ಬರುವ ತುಣುಕುಗಳು, ಹಾಡಿನ ಒಳಗಿಂದ ಬಂದಂತೆ ಕೇಳುವುದಿಲ್ಲ, ಮೇಲೆ ಅಂಟಿಸಿದಂತಿವೆ. ಆದರೆ ನನಗೆ ಹೆಚ್ಚು ನೋವು ತಂದದ್ದು 'ಪಾಪ್' ಅಲ್ಲ, ಅದರ ನಂತರದ ಅಂಜಿಕೆ. 2000ದಲ್ಲಿ ಅವರು ಸುರಕ್ಷಿತ ದಡಕ್ಕೆ ಮರಳಿದರು, ಜನ ಸಂತೋಷಪಟ್ಟರು. ಅಂದಿನಿಂದ ಆ ಬ್ಯಾಂಡ್ ನನ್ನನ್ನು ಬೆಚ್ಚಿಬೀಳಿಸಿದ್ದೇ ಇಲ್ಲ.

ಮೆಟಲ್ ಬ್ಯಾಂಡ್ ಮೆಟಾಲಿಕಾದ ವಿಷಯಕ್ಕೆ ಬಂದರೆ ನನ್ನ ರಕ್ತ ಸ್ವಲ್ಪ ಬಿಸಿಯಾಗುತ್ತದೆ. 1996ರಲ್ಲಿ 'ಲೋಡ್' ಬಂದಾಗ ಅವರು ಕೂದಲು ಕತ್ತರಿಸಿದ್ದೇ ಒಂದು ಅಪರಾಧವಾಯಿತು. ಥ್ರ್ಯಾಷ್ ಎಂಬ ಅತಿವೇಗದ ಮೆಟಲ್ ಬಿಟ್ಟು ಬ್ಲೂಸ್ ಕಡೆ ವಾಲಿದ, ನಿಧಾನಗತಿಯ ಆ ಹಾಡುಗಳನ್ನು ದ್ರೋಹವೆಂದು ಕರೆದವರಿಗೆ ಲೆಕ್ಕವಿಲ್ಲ. ಒಂದು ಸಿಡಿಯಲ್ಲಿ ಹಿಡಿಸುವಷ್ಟನ್ನೂ ತುಂಬಿದ ಆಲ್ಬಂ ಅದು. ಕೊನೆಯ ಹಾಡು 'ದಿ ಔಟ್‌ಲಾ ಟಾರ್ನ್' ಜಾಗ ಸಾಲದೆ ಮೊಟಕಾಯಿತು. ಪೂರ್ಣರೂಪವನ್ನು ಬೇರೆ ಸಿಂಗಲ್ ಒಂದರ ಜೊತೆ ಹೊರತಂದರು. ಹುಡುಕಿ ಕೇಳಿ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಅಷ್ಟು ಬಯಲಾಗಿ ಹಾಡಿದ್ದು ಅಪರೂಪ. ಎಂಬತ್ತರ ದಶಕದ ವೇಗದಲ್ಲಿ ಆ ಹಾಡಿಗೆ ಜಾಗವೇ ಇರಲಿಲ್ಲ. 2003ರ 'ಸೇಂಟ್ ಆಂಗರ್' ಬಗ್ಗೆ ಹೆಚ್ಚು ಹೇಳುವುದಿಲ್ಲ. ತಗಡಿನಂತೆ ಕಣಕಣಿಸುವ ಆ ಸ್ನೇರ್ ಡ್ರಮ್ ನನಗೂ ಸಹಿಸಲಾಗದು. ಆದರೂ ಹಳೆಯ ಹಾದಿಗೆ ಮರಳಿದ 2008ರ 'ಡೆತ್ ಮ್ಯಾಗ್ನೆಟಿಕ್' ಅನ್ನು ಎಲ್ಲರೂ ಮನೆಗೆ ಬಂದ ಮಗನಂತೆ ಅಪ್ಪಿಕೊಂಡಾಗ ನನಗೆ ಆ ಸಂಭ್ರಮ ಅರ್ಥವಾಗಲಿಲ್ಲ. ಚೆನ್ನಾಗಿ ನುಡಿಸಿದ್ದಾರೆ, ನಿಜ. ಆದರೆ 1986ರ ತಮ್ಮನ್ನೇ ನೋಡಿ ಬರೆದ ನಕಲಿನ ಹಾಗಿದೆ ಅದು. ತಪ್ಪಿದರೂ ಪರವಾಗಿಲ್ಲವೆಂದು ಹೊರಟವರ ಆಲ್ಬಂಗೆ ನಾನು ಮತ್ತೆ ಮತ್ತೆ ಮರಳುತ್ತೇನೆ.

ಹಳೆಯದು ಕಳೆದುಹೋಯಿತು ಎಂದು ಅಳುವವರಿಗೆ ಒಂದು ಪ್ರಶ್ನೆ: ಕಳೆದುಹೋದದ್ದು ಯಾವುದು? 'ಕಿಡ್ ಎ' ಬಂದದ್ದರಿಂದ 'ಓಕೆ ಕಂಪ್ಯೂಟರ್' ಅಳಿಸಿಹೋಗಲಿಲ್ಲ. ಹಿಂದೆ ಆಲ್ಬಂ ಅಂಗಡಿಯಿಂದ ಮಾಯವಾದರೆ ಸಿಗುವುದೇ ಕಷ್ಟವಿತ್ತು. ಇಂದು ಎಲ್ಲವೂ ಮೊಬೈಲಿನಲ್ಲಿ, ಬೆರಳ ತುದಿಯಲ್ಲಿದೆ. ಹಾಗಿರುವಾಗ ಅದರ ಎರಡನೆಯ ಪ್ರತಿಯನ್ನು ಜೀವಂತ ಮನುಷ್ಯರಿಂದ ಏಕೆ ಬರೆಸಬೇಕು? ಈ ಹಾಡು ಮೆಚ್ಚಿದವರಿಗೆ ಇಂಥದೇ ಇನ್ನೊಂದು ಎಂದು ತಾನೇ ಮುಂದಿಡುವ ಸ್ಟ್ರೀಮಿಂಗ್ ತಾಣಗಳು ನಮ್ಮ ಕಿವಿಯನ್ನು ಇನ್ನಷ್ಟು ಸೋಮಾರಿಯಾಗಿಸುತ್ತಿವೆ ಎಂಬ ಭಯ ನನಗಿದೆ.

ವೇದಿಕೆಯ ವಿಷಯ ಬೇರೆ. ಟಿಕೆಟ್ ಕೊಂಡು ಬಂದವರಿಗೆ ಹಳೆಯ ಹಾಡು ಕೇಳುವ ಆಸೆಯಿರುವುದು ಸಹಜ, ಅದನ್ನು ಮನಸಾರೆ ನುಡಿಸಬೇಕು. ರೇಡಿಯೊಹೆಡ್ ಕೂಡ ವರ್ಷಗಟ್ಟಲೆ ದೂರವಿಟ್ಟಿದ್ದ 'ಕ್ರೀಪ್' ಅನ್ನು 2016ರಲ್ಲಿ ಮತ್ತೆ ನುಡಿಸಿತು. ಹೊಸದನ್ನು ನುಡಿಸುವಾಗ ಎದ್ದು ಹೊರಗೆ ಹೋಗದಿರುವುದು ನಮ್ಮ ಪಾಲಿನ ಸೌಜನ್ಯ.

ಇತ್ತೀಚೆಗೆ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಸ್ವೀಡನ್ನಿನ ಮೆಟಲ್ ಬ್ಯಾಂಡ್ ಓಪೆತ್. 2011ರ 'ಹೆರಿಟೇಜ್'ನಲ್ಲಿ ಅದರ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಘರ್ಜನೆಯ ಗಾಯನವನ್ನು ಬಿಟ್ಟು, ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕ್ ಕಡೆ ತಿರುಗಿದ. ನಾಲ್ಕು ಆಲ್ಬಂಗಳ ಉದ್ದಕ್ಕೂ ಅಭಿಮಾನಿಗಳು ಆ ಘರ್ಜನೆಗಾಗಿ ಪೀಡಿಸಿದರು, ಆತ ಜಗ್ಗಲಿಲ್ಲ. 2024ರ ಕೊನೆಯಲ್ಲಿ, ಮೊದಲ ಮಹಾಯುದ್ಧದ ನಂತರದ ಕಾಲದ ಶ್ರೀಮಂತ ಮನೆತನವೊಂದರಲ್ಲಿ ಉಯಿಲು ಓದುವ ಕಥೆಯುಳ್ಳ ಆಲ್ಬಂ ಬಂತು. ಅದರಲ್ಲಿ ಘರ್ಜನೆ ಮರಳಿತ್ತು. ಆದರೆ ಅದು 2008ರ ಘರ್ಜನೆಯಲ್ಲ. ಸುತ್ತಲೂ ತಂತಿವಾದ್ಯಗಳಿವೆ, ಜೆಥ್ರೊ ಟಲ್‌ನ ಇಯಾನ್ ಆಂಡರ್ಸನ್‌ನ ಕೊಳಲಿದೆ, ನಡುನಡುವೆ ಆತನ ವಾಚನವಿದೆ, ಡ್ರಮ್ಸ್ ಹಿಂದೆ ಹೊಸಬನಿದ್ದಾನೆ. ಕಥೆಗೆ ಬೇಕಾದಲ್ಲಿ ಮಾತ್ರ ಆ ದನಿ ಬಾಯ್ದೆರೆಯುತ್ತದೆ, ಮರುಕ್ಷಣ ಹಿಂದೆ ಸರಿಯುತ್ತದೆ. ಮಧ್ಯೆ ಘರ್ಜನೆಯನ್ನು ಬಿಟ್ಟಿದ್ದ ಹದಿಮೂರು ವರ್ಷಗಳಲ್ಲಿ ಕಲಿತದ್ದೆಲ್ಲ ಆ ಹಾಡುಗಳಲ್ಲಿದೆ. ಅಂದು ಅಭಿಮಾನಿಗಳ ಮಾತು ಕೇಳಿ 2012ರಲ್ಲೇ ಮರಳಿದ್ದರೆ ಈ ಆಲ್ಬಂ ಇರುತ್ತಿರಲಿಲ್ಲ.